ತೆರ್ಯೊ ಮನೆಯಲ್ಲಿಲ್ಲ

ನಮ್ಮ ಸಾನ್ ರೋಕೆಯಲ್ಲಿ ಮೂವತ್ತಕ್ಕೂ ಹೆಚ್ಚು ಮಕ್ಕಳಿಗೆ ಧರ್ಮಪಿತನಾದವನು ಊರಿನ ಮೇಯರನಲ್ಲ, ಅಕ್ಕಿ ಗಿರಣಿಯ ಯಜಮಾನನೂ ಅಲ್ಲ. ಚರ್ಚಿನ ಮುಂದೆ ಮೂರು ಗಾಲಿಯ ಬಾಡಿಗೆ ಗಾಡಿ ನಿಲ್ಲಿಸಿಕೊಂಡಿರುತ್ತಿದ್ದ ತೆರ್ಯೊ. ಇದರಲ್ಲಿ ಅವನ ಹಿರಿಮೆ ಏನೂ ಇರಲಿಲ್ಲ, ಗಾಡಿ ನಿಲ್ಲುವ ಜಾಗವೇ ಅಂಥದ್ದು. ಜ್ಞಾನಸ್ನಾನದ ಹೊತ್ತಿಗೆ ಮನಿಲಾದಿಂದ ಬರಬೇಕಾದ ಧರ್ಮಪಿತನ ಬಸ್ಸು ತಪ್ಪುತ್ತಿತ್ತು, ಪಾದ್ರಿಗಳು ಗಡಿಯಾರ ನೋಡುತ್ತಿದ್ದರು, ಮಗುವಿನ ತಂದೆ ಹೊರಗೋಡಿ ಬಂದು ಕೈಗೆ ಸಿಕ್ಕವನನ್ನು ಎಳೆದುಕೊಂಡು ಹೋಗುತ್ತಿದ್ದ. ಕೈಗೆ ಸಿಗುತ್ತಿದ್ದವನು ತೆರ್ಯೊ.

ಅವನು ಮೇಣದಬತ್ತಿ ಹಿಡಿದು ನಿಲ್ಲುತ್ತಿದ್ದ, ಔತಣದಲ್ಲಿ ಹುರಿದ ಹಂದಿಯ ಗರಿಗರಿ ಚರ್ಮವನ್ನೇ ಆರಿಸಿ ತಿನ್ನುತ್ತಿದ್ದ, ಮಗುವಿನ ತಂದೆಯನ್ನು ಆ ದಿನದಿಂದ ನೆಂಟನಂತೆ ‘ಪಾರೆ’ ಎಂದು ಕರೆಯತೊಡಗುತ್ತಿದ್ದ. ಅಲ್ಲಿಯವರೆಗೆ ತಕರಾರಿಲ್ಲ. ತಕರಾರೆಲ್ಲ ಕ್ರಿಸ್‌ಮಸ್ ಬೆಳಗಿನದು. ಅಂದು ಮಕ್ಕಳು ಹೊಸ ಬಟ್ಟೆ ತೊಟ್ಟು ‘ನಿನೋಂಗ್! ನಿನೋಂಗ್!’ ಎಂದು ಧರ್ಮಪಿತನ ಬಾಗಿಲಿಗೆ ಬರುತ್ತಾರೆ, ಅವನ ಕೈಯನ್ನು ಹಣೆಗೆ ಒತ್ತಿಕೊಳ್ಳುತ್ತಾರೆ. ಒತ್ತಿಕೊಂಡ ಮೇಲೆ ಹೊಸ ನೋಟಿಗಾಗಿ ಅಂಗೈ ಚಾಚುತ್ತಾರೆ.

ತೆರ್ಯೊ ಆ ದಿನ ಮನೆಯಲ್ಲಿ ಇರುತ್ತಿರಲಿಲ್ಲ. ಅಂದರೆ, ಇರುತ್ತಿದ್ದ. ನನ್ನ ಮನೆ ಅವನ ಮನೆಯ ಎದುರಿಗೇ ಇದ್ದುದರಿಂದ ನನಗೆ ಎಲ್ಲವೂ ಕಾಣುತ್ತಿತ್ತು. ಅವನು ಸಾಕಿದ ತುಯೊ ಎಂಬ ನಾಯಿ ಮೂಲೆಯ ಬೇಕರಿಯ ಹತ್ತಿರ ಮಕ್ಕಳ ಸುಳಿವು ಸಿಕ್ಕೊಡನೆ ಬೊಗಳುತ್ತಿತ್ತು. ಬೊಗಳಿದ ಮರುಕ್ಷಣ ಕಿಟಕಿ ಮುಚ್ಚುತ್ತಿತ್ತು. ಒಳಗಿನಿಂದ ಹೆಂಗಸಿನ ದನಿಯೊಂದು ಹೊರಡುತ್ತಿತ್ತು: “ತೆರ್ಯೊ ಮನೇಲಿಲ್ಲ! ಲುಸೇನಾಕ್ಕೆ ಹೋಗಿದಾನೆ!” ಅವನ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತೆಂಬುದು ಊರಿಗೆಲ್ಲ ಗೊತ್ತು. ಮಕ್ಕಳೂ ಮರ್ಯಾದೆಯಿಂದ “ಹಾಗಾದ್ರೆ ನಾಳೆ ಬರ್ತೀವಿ ಅತ್ತೆ” ಎಂದು ಹೊರಟುಹೋಗುತ್ತಿದ್ದರು.

ತುಯೊ ಎಂದರೆ ನಮ್ಮಲ್ಲಿ ಉಪ್ಪು ಹಾಕಿದ ಒಣಮೀನು. ಮಾರುಕಟ್ಟೆಯ ಚರಂಡಿಯ ಬಳಿ ಸಿಕ್ಕಾಗ ಅದು ಹಾಗೆಯೇ ಇತ್ತು, ತಲೆ ಮತ್ತು ಮುಳ್ಳು. ಹೆಂಡತಿ ತೀರಿಕೊಂಡ ವರ್ಷ ಅದನ್ನು ಎತ್ತಿಕೊಂಡು ಬಂದ ತೆರ್ಯೊ ತನ್ನ ತಟ್ಟೆಯ ಅನ್ನದಲ್ಲಿಯೇ ಅದಕ್ಕೂ ಪಾಲು ಹಾಕಿದ. ಗಾಡಿಯಲ್ಲಿ ಪ್ರಯಾಣಿಕರ ಪಕ್ಕ ಅದಕ್ಕೊಂದು ಜಾಗ ಖಾಯಂ. ಯಾರಾದರೂ ಮೂಗು ಮುರಿದರೆ, “ಇವನ ಹತ್ರ ಪಾಸಿದೆ. ನಿಮ್ಮ ಹತ್ರ ಇದ್ಯಾ?” ಎನ್ನುತ್ತಿದ್ದ.

ಒಂದು ಕ್ರಿಸ್‌ಮಸ್‌ಗೆ ಮಕ್ಕಳು ಬುದ್ಧಿ ಓಡಿಸಿದರು. ಬೇಕರಿಯ ಹಿಲಾರ್ಯೊನ ಮಗಳು ಲಿಗಾಯ ಮುಂದಾಳು. ಅವಳಿಗೆ ಕೂಡುವ ಲೆಕ್ಕ ಕಲಿಸಿದವಳು ನಾನೇ. ಕಳೆಯುವ ಲೆಕ್ಕ ಅವಳಿಗೆ ಎಂದೂ ಹಿಡಿಸಲಿಲ್ಲ. ಗೇಟಿನ ಸಂದಿಯಿಂದ ಬೇಯಿಸಿದ ಮೆಕ್ಕೆಜೋಳದ ತೆನೆಯೊಂದು ಒಳಗೆ ಬಿತ್ತು. ತುಯೊ ಬೊಗಳಲಿಲ್ಲ. ಮೇಲಂಗಿಯಿಲ್ಲದೆ ಹಲ್ಲುಜ್ಜುತ್ತ ನಿಂತಿದ್ದ ತೆರ್ಯೊ ತಿರುಗಿ ನೋಡುವಷ್ಟರಲ್ಲಿ ಅಂಗಳ ತುಂಬ ಮಕ್ಕಳು.

“ನಿನೋಂಗ್, ಲುಸೇನಾದಿಂದ ಯಾವಾಗ ಬಂದ್ರಿ?” ಎಂದಳು ಲಿಗಾಯ.

ಬಾಯಿಯ ತುಂಬ ನೊರೆ ಇದ್ದುದರಿಂದ ಹೆಂಗಸಿನ ದನಿ ಹೊರಡಲಿಲ್ಲ. ಅಂದು ಅವನ ಜೇಬು ಬರಿದಾಯಿತು. ಸಂಜೆಯವರೆಗೂ “ಒಂದು ತೆನೆಗೆ ನನ್ನನ್ನ ಮಾರ್ಬಿಟ್ಟೆಯಲ್ಲೋ” ಎಂದು ನಾಯಿಗೆ ಹೇಳುತ್ತಲೇ ಇದ್ದ.

ಎರಡು ದಿನ ಕಳೆದ ಮೇಲೆ ಬೆಳಗ್ಗೆ ನನ್ನ ಬಾಗಿಲು ಬಡಿದ. ತುಯೊ ತಿಂದದ್ದನ್ನೆಲ್ಲ ಕಕ್ಕುತ್ತಿತ್ತು, ಬೆನ್ನು ಬಾಗಿಸಿ ನಿಂತು ನಡುಗುತ್ತಿತ್ತು. ನಾವು ಅದನ್ನು ಗಾಡಿಯಲ್ಲಿ ಹಾಕಿಕೊಂಡು ಪಕ್ಕದ ಪಟ್ಟಣದ ಪಶುವೈದ್ಯೆ ಡಾಕ್ಟರ್ ಬೆಲೆನ್ ಹತ್ತಿರ ಹೋದೆವು. ಆಕೆ ಹೊಟ್ಟೆಯ ಚಿತ್ರ ತೆಗೆದು ನೋಡಿ, ಹಿರಿಯರನ್ನು ಕರೆಯುವ ‘ಮಾಂಗ್’ ಸೇರಿಸಿ ಅವನಿಗೆ ಹೇಳಿದರು:

“ಕರುಳಲ್ಲಿ ಜೋಳದ ದಿಂಡು ಸಿಕ್ಕಾಕೊಂಡಿದೆ, ಮಾಂಗ್ ತೆರ್ಯೊ. ಇವತ್ತೇ ಕುಯ್ದು ತೆಗೀಬೇಕು. ನಾಳೆ ಅಂದ್ರೆ ಉಳಿಯಲ್ಲ.”

ಖರ್ಚು ಹದಿನೆಂಟು ಸಾವಿರ ಪೆಸೊ. ಅರ್ಧ ಮುಂಗಡ ಕಟ್ಟಬೇಕು. ತೆರ್ಯೊ ಟೋಪಿ ತೆಗೆದು ಅದರೊಳಗೆ ನೋಡಿದ, ಅಲ್ಲೇನೋ ಇಟ್ಟಿದ್ದವನಂತೆ.

“ಡಾಕ್ಟ್ರೇ, ನೀವು ಡ್ರಿಪ್ ಹಾಕ್ತಾ ಇರಿ. ಮಧ್ಯಾಹ್ನದೊಳಗೆ ಬರ್ತೀನಿ.”

ಊರು ಹತ್ತಿರ ಬಂದಾಗ, “ಟೀಚರ್, ಯಾರನ್ನ ಕೇಳ್ಲಿ? ಊರಲ್ಲಿರೋರೆಲ್ಲ ನನ್ನ ಪಾರೆಗಳೇ” ಎಂದ.

“ಅದು ಒಳ್ಳೇದೇ ಅಲ್ವೇನೋ?”

“ಒಬ್ಬರ ಮಕ್ಕಳಿಗೂ ನಾನು ಮುಖ ತೋರ್ಸಿಲ್ಲವಲ್ಲ!”

ಮೊದಲು ಸಿಕ್ಕಿದ್ದು ಬೇಕರಿ. ಒಲೆಯ ಬೆಂಕಿ ಉರಿಯುತ್ತಿತ್ತು, ಆದರೆ ಹಿಲಾರ್ಯೊ ಕಾಣಲಿಲ್ಲ. ಲಿಗಾಯ ಹೊರಗೆ ಬಂದಳು.

“ಅಪ್ಪ ಮನೇಲಿಲ್ಲ ನಿನೋಂಗ್.”

“ಎಲ್ಲಿಗೆ ಹೋಗಿದಾನಮ್ಮ?”

ಹಿಟ್ಟಿನ ಚೀಲಗಳ ಹಿಂದಿನಿಂದ ಹೆಂಗಸಿನಂಥ ಕೀರಲು ದನಿಯೊಂದು ಕೇಳಿಸಿತು: “ಲುಸೇನಾಕ್ಕೆ ಅನ್ನು!”

ಬ್ರೆಡ್ಡು ಕೊಳ್ಳಲು ನಿಂತಿದ್ದವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ತಡೆಯಲಾಗಲಿಲ್ಲ. ತೆರ್ಯೊ ಮಾತ್ರ ಟೋಪಿ ಹಿಡಿದು ಹಾಗೆಯೇ ನಿಂತಿದ್ದ. ಮೈಗೆಲ್ಲ ಹಿಟ್ಟು ಮೆತ್ತಿಕೊಂಡು ಎದ್ದುಬಂದ ಹಿಲಾರ್ಯೊ ಅವನ ಮುಖ ನೋಡಿದ್ದೇ ನಗು ನಿಲ್ಲಿಸಿದ.

“ಏನಾಯ್ತು ಪಾರೆ? ಗಾಡೀಲಿ ನಾಯಿ ಎಲ್ಲಿ?”

ತೆರ್ಯೊ ಹೇಳಿದ. ಜೋಳದ ದಿಂಡು ಎಂದಾಗ ಲಿಗಾಯಳ ಮುಖ ಬಿಳುಚಿಕೊಂಡಿತು. “ನಾವೇ ಹಾಕಿದ್ದು” ಎಂದವಳೇ ಬಾಯಿ ಬಿಟ್ಟು ಅತ್ತಳು. ಹಿಲಾರ್ಯೊ ಕೈ ಎತ್ತಿದ. ತೆರ್ಯೊ ನಡುವೆ ಬಂದ.

“ಹೊಡೀಬೇಡ ಪಾರೆ. ನಾನು ಬಾಗ್ಲಲ್ಲೇ ಕೂತಿದ್ದಿದ್ರೆ ಇವಳ್ಯಾಕೆ ಜೋಳ ತರ್ತಿದ್ಲು?”

ಆಮೇಲೆ ನಡೆದದ್ದರಲ್ಲಿ ತೆರ್ಯೊನಿಗೆ ಮಾಡಲು ಕೆಲಸವೇ ಉಳಿಯಲಿಲ್ಲ. ಹಿಲಾರ್ಯೊ ಗಲ್ಲಾದಲ್ಲಿದ್ದುದನ್ನು ಟೋಪಿಗೆ ಸುರಿದು, ಅದನ್ನು ಕಿತ್ತುಕೊಂಡು ಬೀದಿಗಿಳಿದ. ಮನೆಮನೆಯಿಂದ ಮಾತುಗಳು ಬಂದವು, ಹಣವೂ ಬಂತು. ಮೀನು ಮಾರುವ ಪೂರಿಂಗ್, “ಎಂಟು ವರ್ಷದಿಂದ ನನ್ನ ಮಗನಿಗೆ ಬರಬೇಕಾದ್ದು ಹಿಡ್ಕೊಂಡು ಮಿಕ್ಕಿದ್ದು ಕೊಡ್ಲಾ?” ಎಂದು ಗದರಿಕೊಂಡೇ ಸೊಂಟದ ಚೀಲ ಬಿಚ್ಚಿದಳು. ಮಕ್ಕಳು ತಮ್ಮ ಹೊಸ ನೋಟುಗಳನ್ನು ತಂದರು, ಮಡಿಕೆಯೂ ಬಿದ್ದಿರಲಿಲ್ಲ. ಅವನ್ನು ನೋಡಿ ತೆರ್ಯೊ, “ಎಲ್ಲೋ ನೋಡಿದ ಹಾಗಿದೆ” ಎಂದು ಮೂಗು ಒರೆಸಿಕೊಂಡ.

ಮುಂಗಡಕ್ಕೆ ಸಾಕಾಯಿತು, ಪೂರ್ತಿಗೆ ಸಾಲಲಿಲ್ಲ. ಡಾಕ್ಟರ್ ಬೆಲೆನ್ ನೋಟಿನ ಕಂತೆ ನೋಡಿ, “ಇದೇನು, ಬ್ಯಾಂಕ್ ಒಡೆದು ಬಂದ್ರಾ?” ಎಂದರು. ಉಳಿದದ್ದನ್ನು ತಿಂಗಳು ತಿಂಗಳು ಕೊಡಿ ಎಂದು ಹೇಳಿ ಒಳಗೆ ಹೋದರು.

ತೆರ್ಯೊ ಹೊರಗಿನ ಬೆಂಚಿನಲ್ಲಿ ಕುಳಿತ. ಆ ಹೊತ್ತು ನಾನು ಅವನನ್ನು ಛೇಡಿಸಲಿಲ್ಲ. “ಮನೇಲಿ ಮಾತಾಡೋಕೆ ಅವನೊಬ್ಬನೇ ಟೀಚರ್” ಎಂದ ಒಮ್ಮೆ. ನಮ್ಮ ಚರ್ಚಿನ ಸಂತ ರೋಕೆಯ ಮೂರ್ತಿಯ ಕಾಲ ಬಳಿಯೂ ಒಂದು ನಾಯಿ ಇದೆ; ಅದಕ್ಕೆ ಹರಕೆ ಹೊತ್ತನೋ ಏನೋ, ತುಟಿ ಅಲ್ಲಾಡುತ್ತಿತ್ತು. ಸಂಜೆಯ ಹೊತ್ತಿಗೆ ಡಾಕ್ಟರ್ ಹೊರಬಂದು ಬಟ್ಟಲಲ್ಲಿ ದಿಂಡನ್ನು ತೋರಿಸಿದರು. ತುಯೊ ಉಳಿದಿತ್ತು.

ನಾಲ್ಕು ದಿನದ ಮೇಲೆ ಅದು ಕೊರಳಿಗೆ ಪ್ಲಾಸ್ಟಿಕ್ಕಿನ ಆಲಿಕೆ ಕಟ್ಟಿಸಿಕೊಂಡು ಗಾಡಿಯಲ್ಲಿ ಕುಳಿತು ಊರಿಗೆ ಬಂತು. ತೆರ್ಯೊ ಗಂಜಿ ಕಾಸಿ, ತಾನೇ ಊದಿ ಆರಿಸಿ ಕುಡಿಸಿದ. ತಿಂಗಳಿಗೊಮ್ಮೆ ಪಟ್ಟಣಕ್ಕೆ ಹೋಗಿ ಕಂತು ಕಟ್ಟಿದ. ಕೊನೆಯ ಕಂತಿನ ದಿನ ಡಾಕ್ಟರ್ ಬೆಲೆನ್ ತುಂಬು ಬಸುರಿ.

“ಮಾಂಗ್ ತೆರ್ಯೊ, ಮುಂದಿನ ತಿಂಗಳು ಮಗು ಆಗತ್ತೆ. ಅದಕ್ಕೆ ನೀವೇ ನಿನೋಂಗ್ ಆಗ್ಬೇಕು.”

ಈ ಬಾರಿ ಯಾರೂ ಅವನನ್ನು ಬೀದಿಯಿಂದ ಎಳೆದೊಯ್ದಿರಲಿಲ್ಲ, ಯಾರ ಬಸ್ಸೂ ತಪ್ಪಿರಲಿಲ್ಲ. ಅವನು ಟೋಪಿ ತೆಗೆದ. “ಆಗ್ತೀನಿ ಡಾಕ್ಟ್ರೇ” ಎಂದ, ತನ್ನ ಸ್ವಂತ ದನಿಯಲ್ಲಿ.

ಮುಂದಿನ ಕ್ರಿಸ್‌ಮಸ್‌ಗೆ ತೆರ್ಯೊ ಬಾಗಿಲ ಮುಂದೆ ಕುರ್ಚಿ ಹಾಕಿ ಕುಳಿತ. ಮಕ್ಕಳಿಗೆ ನೋಟಿನ ಜೊತೆ ಒಂದು ಎಚ್ಚರಿಕೆಯನ್ನೂ ಕೊಟ್ಟ: ನಾಯಿಗೆ ಏನೂ ಹಾಕಕೂಡದು. ಮಧ್ಯಾಹ್ನ ನಾವು ಪಟ್ಟಣಕ್ಕೆ ಹೋದೆವು, ಅವನ ಹೊಸ ಧರ್ಮಪುತ್ರನಿಗೆ ಉಡುಗೊರೆ ಕೊಡಲು. ಆಸ್ಪತ್ರೆಯ ಬಣ್ಣದ ಗೇಟು ಕಂಡದ್ದೇ ತಡ, ತುಯೊ ಸೀಟಿನ ಕೆಳಗೆ ನುಗ್ಗಿ ಮಳೆಯ ಟಾರ್ಪಾಲಿನ ಹಿಂದೆ ಮಾಯವಾಯಿತು. ಮಗುವನ್ನೆತ್ತಿಕೊಂಡು ಹೊರಬಂದ ಡಾಕ್ಟರ್ ಕೇಳಿದರು:

“ಎಲ್ಲಿ ನನ್ನ ಪೇಷಂಟು?”

ಟಾರ್ಪಾಲು ನಡುಗುತ್ತಿತ್ತು. ತೆರ್ಯೊ ಅದರತ್ತ ನೋಡಲೇ ಇಲ್ಲ.

“ಅವನು ಬಂದಿಲ್ಲ ಡಾಕ್ಟ್ರೇ. ಲುಸೇನಾಕ್ಕೆ ಹೋಗಿದಾನೆ.”