ಕೊನೆಯ ಗಂಟಿಗೆ ಒಂದು ಚೆಂಬು ನೀರು

ಹನ್ನೊಂದು ಗಂಟೆ ಐವತ್ತೆರಡು ನಿಮಿಷ. ಆ ಭಾನುವಾರ ಎಲ್ಲ ಕೆಡಲು ತೊಡಗಿದ್ದು ಆಗ. ಇಷ್ಟು ಕರಾರುವಾಕ್ಕಾಗಿ ನೆನಪಿರಲು ಕಾರಣವಿದೆ. "ಊಟಕ್ಕೆ ಮನೆ ಮುಟ್ಟುವಾಗ ಎಷ್ಟು ಗಂಟೆ ಆದೀತು?" ಎಂದು ಮಾವ ಕೇಳಿದ್ದರು. ನಾನು ಕೈಗಡಿಯಾರ ನೋಡಿ ತಲೆ ಎತ್ತಿದೆ. ನನ್ನ ಹೆಂಡತಿಯ ಅಣ್ಣ ಪುರಂದರ ಪಿಕಪ್ಪಿನ ಮೇಲೆ ನಿಂತು, ಬಿಗಿದು ಮುಗಿಸಿದ ಹಗ್ಗದ ಕೊನೆಯ ಗಂಟಿನ ಮೇಲೆ ಒಂದು ಚೆಂಬು ನೀರು ಹೊಯ್ಯುತ್ತಿದ್ದ.

ಎರಡು ವಾರದ ಹಿಂದೆ ಪುತ್ತೂರಿನ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಆ ನಿಮಿಷ ಮತ್ತೆ ಎದುರು ಬಂದು ನಿಂತಿತು. ಬಟ್ಟೆ ಒಣಹಾಕಲು ನಾಲ್ಕು ಮೀಟರ್ ಹಗ್ಗ ಕೇಳಿದ್ದೆ, ಅಷ್ಟೇ. ಅಂಗಡಿಯವರು ಅಳೆದು ಕತ್ತರಿಸಿ, ಎಳೆ ಬಿಚ್ಚದಿರಲೆಂದು ತುದಿಗೆ ಲೈಟರ್ ಹಿಡಿದರು. ಸುಟ್ಟ ನೈಲಾನಿನ ವಾಸನೆ ನಿಮಗೂ ಗೊತ್ತಿರುತ್ತದೆ. ನಾನು ಪಕ್ಕದಲ್ಲಿದ್ದ ಪೈಂಟ್ ಡಬ್ಬದ ಮೇಲೆ ಕುಳಿತೇಬಿಟ್ಟೆ.

"ಎಂತ ಸರ್, ಬಿಪಿ ಉಂಟಾ?" ಎಂದು ಅವರು ಗಾಬರಿಯಿಂದ ಕೇಳಿದರು.

ಬಿಪಿ ಇಲ್ಲ, ಭಾವ ಇದ್ದಾನೆ ಎನ್ನಬೇಕೆನಿಸಿತು.

ಪುರಂದರನೂ ನಾನೂ ಒಂದೇ ವರ್ಷ ಹುಟ್ಟಿದವರು. ನಮ್ಮ ಕಡೆ ಇಂಥ ಇಬ್ಬರು ಪರಸ್ಪರ 'ಭಾವ' ಎಂದೇ ಕರೆದುಕೊಳ್ಳುತ್ತಾರೆ. ನಾನು ಅವನಿಗೆ ಬಾಯಲ್ಲಿ ಬಹುವಚನ ಕೊಡುತ್ತೇನೆ, ಮನಸ್ಸಿನಲ್ಲಿ ಏಕವಚನ. ಬರೆಯುವಾಗ ಮನಸ್ಸಿನದ್ದೇ ಇರಲಿ. ನಾನು ಪುತ್ತೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಅವನು ಪಿಯುಸಿಯಲ್ಲಿ ಅದೇ ಭೌತಶಾಸ್ತ್ರದಲ್ಲಿ ಡುಮ್ಕಿ ಹೊಡೆದು ಐವರ್ನಾಡಿನ ಮನೆಗೆ ಹೋಗಿ ತೋಟ ನೋಡಿಕೊಂಡವನು. ಆದರೆ ಅವನು ಮುಟ್ಟಿದ್ದೆಲ್ಲ ಓಡುತ್ತದೆ. ಕೆದಂಬಾಡಿಯ ನಮ್ಮ ಮನೆಯ ಪಂಪು ನಿಂತರೆ ನಾನು ಅದರ ಸುತ್ತ ಮೂರು ಸುತ್ತು ಹಾಕಿ, ಕೆಪಾಸಿಟರಿನ ತತ್ವ ವಿವರಿಸುತ್ತೇನೆ. ಅವನು ಬಂದು ಸ್ಪ್ಯಾನರಿನಿಂದ ಎರಡು ಸಲ ತಟ್ಟುತ್ತಾನೆ. ನೀರು ಬರುತ್ತದೆ. ಹೆಂಡತಿ ಶಶಿಕಲಾ ಅವನಿಗೆ ಚಾ ಮಾಡುತ್ತಾಳೆ, ಜೊತೆಗೆ ನನಗೂ.

ನಾನೂ ಒಮ್ಮೆ ಕೈಯಾರೆ ಒಂದು ವಸ್ತು ಮಾಡಿದ್ದೇನೆ, ಚಪ್ಪಲಿ ಸ್ಟ್ಯಾಂಡು. ಅದು ಇವತ್ತಿಗೂ ಗೋಡೆಗೆ ಒರಗಿಯೇ ನಿಂತಿದೆ. ಗೋಡೆ ಬಿಟ್ಟರೆ ಬೀಳುತ್ತದೆ. ಭಾವ ಮನೆಗೆ ಬಂದಾಗಲೆಲ್ಲ ಚಪ್ಪಲಿಯನ್ನು ನೆಲದ ಮೇಲೆಯೇ ಬಿಡುತ್ತಾನೆ. ಏನೂ ಹೇಳುವುದಿಲ್ಲ. ಹೇಳದಿರುವುದೇ ನನ್ನನ್ನು ಉರಿಸುವುದು.

ಈ ವರ್ಷ ಅವನು ಎರಡು ಹಳೆಯ ಜೆಟ್ ಸ್ಕೀ ತಂದ. ಕಡಲಕರೆಯಲ್ಲಿ ಪ್ರವಾಸಿಗರನ್ನು ಕೂರಿಸುತ್ತಿದ್ದ ಯಾರೋ ವ್ಯವಹಾರ ಮುಚ್ಚಿದ್ದರಂತೆ. ಎರಡೂ ಕೆಟ್ಟಿದ್ದವು. ಇವನು ಒಂದೇ ತಿಂಗಳಲ್ಲಿ ಎರಡನ್ನೂ ಗುಟುರು ಹಾಕಿಸಿದ. ಮಾವ ಅವುಗಳನ್ನು 'ನೀರಿನ ಬೈಕು' ಎಂದು ಕರೆದರು. ಒಪ್ಪಿಗೆ ಸಿಕ್ಕಿದರೆ ಕಡಬದ ಕಡೆಯ ಕಿಂಡಿ ಅಣೆಕಟ್ಟಿನ ಹಿನ್ನೀರಿನಲ್ಲಿ ಭಾನುವಾರಗಳಂದು ಜನರನ್ನು ಕೂರಿಸುವುದು ಅವನ ಯೋಜನೆ. ತೊಂದರೆ ಒಂದೇ: ಅವನ ಪಿಕಪ್ಪಿನಲ್ಲಿ ಎರಡು ಸ್ಕೀ ಪಕ್ಕಪಕ್ಕದಲ್ಲಿ ಹಿಡಿಸುವುದಿಲ್ಲ. "ಅಗಲ ಇಲ್ಲದಿದ್ರೆ ಎತ್ತರ ಉಂಟಲ್ಲ ಭಾವ," ಎಂದ. ಒಂದರ ಮೇಲೊಂದು ಇಡಲು ಎರಡಂತಸ್ತಿನ ಚೌಕಟ್ಟು ಮಾಡಲು ಹೊರಟ.

ಮೂರು ಭಾನುವಾರ ನಾನು ಅದನ್ನು ನೋಡುತ್ತ ಕುಳಿತಿದ್ದೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡನ್ನು ಹಳತಾಯಿತೆಂದು ಬಿಚ್ಚಿಟ್ಟಿದ್ದರು, ಅದರ ಕಬ್ಬಿಣದ ಪೈಪುಗಳು ಕಂಬಗಳಾದವು. ದನದ ಹಟ್ಟಿಗೆ ಹಾಸಿದ್ದ ರಬ್ಬರ್ ಮ್ಯಾಟನ್ನು ತೊಳೆದು ಕತ್ತರಿಸಿ, ಸ್ಕೀಯ ಹೊಟ್ಟೆಗೆ ಗೀರು ಬೀಳದ ಹಾಗೆ ಮೆತ್ತೆ ಮಾಡಿದ. ಆದರೆ ನನಗೆ ನಿಜವಾಗಿ ಹೊಟ್ಟೆಕಿಚ್ಚಾದದ್ದು ರೋಲರ್ ನೋಡಿದಾಗ. ನೆಲ್ಯಾಡಿಯ ಗೆಳೆಯನ ಮನೆಯಲ್ಲಿ ರಬ್ಬರ್ ಹಾಲಿನ ಗಟ್ಟಿಯನ್ನು ಹಾಳೆ ಮಾಡುವ ಹಳೆಯ ಮೆಷಿನು ಮೂಲೆ ಸೇರಿತ್ತು. ಅದರ ಉರುಳೆಯನ್ನು ಬಿಚ್ಚಿ ತಂದು ಮೇಲಿನ ಅಂತಸ್ತಿನ ಹಿಂದಿನ ಅಂಚಿಗೆ ಕೂರಿಸಿದ. ಮೂರು ಕ್ವಿಂಟಾಲಿನ ಸ್ಕೀ ಅದರ ಮೇಲೆ ಬೆಣ್ಣೆಯ ಹಾಗೆ ಜಾರಿ ಒಳಗೆ ಹೋಯಿತು. ಇದು ನನಗೆ ಯಾಕೆ ಹೊಳೆಯಲಿಲ್ಲ? ಉರುಳುವ ಘರ್ಷಣೆಯ ಬಗ್ಗೆ ವರ್ಷವರ್ಷವೂ ಪಾಠ ಮಾಡುವವನು ನಾನು.

ನಾನೂ ಒಂದು ನಕ್ಷೆ ಬರೆದುಕೊಟ್ಟಿದ್ದೆ, ಗುರುತ್ವಕೇಂದ್ರಕ್ಕೆ ಕೆಂಪು ಬಾಣ ಹಾಕಿ. "ಚಂದ ಉಂಟು ಭಾವ," ಎಂದು ಅವನು ಅದರಿಂದ ಮುಖಕ್ಕೆ ಗಾಳಿ ಹಾಕಿಕೊಂಡ.

ಆ ಭಾನುವಾರ ಬೆಳಿಗ್ಗೆ ಹಿನ್ನೀರಿನಲ್ಲಿ ಮೊದಲ ಪರೀಕ್ಷೆ. ಹೋಗುವಾಗ ಏನೂ ಆಗಲಿಲ್ಲ. ಹೊಳೆಯ ದರೆಗೆ, ಅಂದರೆ ಎತ್ತರದ ದಂಡೆಗೆ, ಹಿಂದಾಗಿ ಗಾಡಿ ನಿಲ್ಲಿಸಿದರೆ ಮೇಲಿನ ಅಂತಸ್ತು ಸರಿಯಾಗಿ ದರೆಯ ಮಟ್ಟಕ್ಕೆ ಬರುವ ಜಾಗವನ್ನೂ ಅವನು ಮೊದಲೇ ನೋಡಿಟ್ಟಿದ್ದ. ಶಶಿ ಅಣ್ಣನ ಹಿಂದೆ ಕುಳಿತು ನೀರಿನಲ್ಲಿ ನಾಲ್ಕು ಸುತ್ತು ಹೊಡೆದಳು. ಅವಳ ನಗು ಆಚೆ ದಡಕ್ಕೆ ಬಡಿದು ವಾಪಸು ಬರುತ್ತಿತ್ತು. ಮದುವೆಯಾಗಿ ಹದಿನಾಲ್ಕು ವರ್ಷಗಳಲ್ಲಿ ಆ ನಗುವನ್ನು ನಾನು ಕೇಳಿರಲಿಲ್ಲ.

"ಬನ್ನಿ ಭಾವ, ಒಂದು ರೌಂಡ್!"

"ಬೇಡ, ನಾನು ಚಪ್ಪಲಿ ನೋಡ್ಕೊಳ್ತೇನೆ," ಎಂದೆ.

ಮಾವ ದರೆಯ ಮೇಲೆ ಕುಳಿತು ಎಲೆಯಡಿಕೆ ಹಾಕುತ್ತಿದ್ದರು. "ಪುರಂದರನ ಕೈಯಲ್ಲಿ ವಿದ್ಯೆ ಉಂಟು. ಓದಿದ್ದು ಮಾತ್ರ ವಿದ್ಯೆ ಅಂತ ಹೇಳ್ಲಿಕ್ಕೆ ಆಗುದಿಲ್ಲ, ಅಲ್ವಾ ಅಳಿಯಂದ್ರೆ?" ಎಂದರು. ಅವರ ಮನಸ್ಸಿನಲ್ಲಿ ಕೊಂಕಿರಲಿಲ್ಲ. ನನ್ನ ಕಿವಿಯಲ್ಲಿ ಇತ್ತು.

ಇದಾಗಿ ಅರ್ಧ ಗಂಟೆಯೊಳಗೆ ಆ ಚೆಂಬು ನೀರು.

ಆ ನೀರಿಗೆ ಒಂದು ಹಿನ್ನೆಲೆ ಉಂಟು. ಮಾವನ ಕಾಲದಲ್ಲಿ ಬೈಹುಲ್ಲಿನ ಲೋಡು ಕಟ್ಟುತ್ತಿದ್ದದ್ದು ತೆಂಗಿನ ನಾರಿನ ಹಗ್ಗದಲ್ಲಿ. ಕಟ್ಟಿ ಮುಗಿದ ಮೇಲೆ ಕೊನೆಯ ಗಂಟಿಗೆ ಒಂದು ಚೆಂಬು ನೀರು ಹೊಯ್ಯುತ್ತಿದ್ದರು. ನಾರು ನೀರು ಕುಡಿದು ಉಬ್ಬಿ, ಗಂಟು ಕಲ್ಲಿನಂತೆ ಬಿಗಿಯುತ್ತಿತ್ತು. ಅಪ್ಪನಿಂದ ಮಗ ಕಲಿತದ್ದು ಅದು. ಈಗ ಏನೇ ಕಟ್ಟಿದರೂ ಅವನ ಕೈ ತಾನಾಗಿ ಚೆಂಬಿಗೆ ಹೋಗುತ್ತದೆ. ಆದರೆ ಅವತ್ತಿನದ್ದು ಮೀನಿನ ಬೋಟಿನವರು ಬಳಸುವ ಬಿಳಿ ನೈಲಾನ್ ಹಗ್ಗ. ನೀರಿನಿಂದ ಸ್ಕೀಗಳನ್ನು ದಡಕ್ಕೆ ಎಳೆದದ್ದೂ ಅದರಲ್ಲೇ, ಆಗಲೇ ಅರ್ಧ ನೆನೆದಿತ್ತು. ನೈಲಾನ್ ನೀರು ಕುಡಿದರೆ ಬಿಗಿಯುವುದಿಲ್ಲ. ಉದ್ದವಾಗುತ್ತದೆ, ಜಾರುತ್ತದೆ.

ನನಗೆ ಇದು ಗೊತ್ತಿತ್ತು.

ಬಾಯಿ ತೆರೆದೆ. ಮಾವನ ಮಾತು ಇನ್ನೂ ಕಿವಿಯಲ್ಲಿತ್ತು. ಬಾಯಿ ಮುಚ್ಚಿದೆ. ನಾನು ಕಲ್ಪಿಸಿಕೊಂಡದ್ದು ಇಷ್ಟೇ: ಮನೆಯ ಅಂಗಳಕ್ಕೆ ಮುಟ್ಟುವಾಗ ಮೇಲಿನ ಸ್ಕೀ ಒಂದು ಬದಿಗೆ ವಾಲಿರುತ್ತದೆ, ಭಾವ ತಲೆ ಕೆರೆದುಕೊಳ್ಳುತ್ತಾನೆ, ನಾನು ಕೆಮ್ಮಿ ಗಂಟಲು ಸರಿಮಾಡಿಕೊಂಡು ವಿವರಿಸುತ್ತೇನೆ, ಶಶಿ ಕೇಳುತ್ತಾಳೆ. ಸತ್ಯವಾಗಿ ಅದಕ್ಕಿಂತ ಹೆಚ್ಚು ನನಗೆ ಬೇಕಿರಲಿಲ್ಲ.

ಮುಂದೆ ಪಿಕಪ್ಪು. ಬೆಳಿಗ್ಗೆ ತವರಿನಿಂದ ಸ್ಕೂಟರಿನಲ್ಲೇ ಬಂದಿದ್ದ ಶಶಿ, ಹಳದಿ ಹೆಲ್ಮೆಟ್ ಹಾಕಿ ಅದರ ಹಿಂದೆ. ಅವಳ ಹಿಂದೆ ನಮ್ಮ ಕಾರು, ಪಕ್ಕದಲ್ಲಿ ಮಾವ. ಮೊದಲ ತಿರುವಿನಲ್ಲೇ ಮೇಲಿನ ಸ್ಕೀಯ ಬಾಲ ಎರಡು ಬೆರಳಿನಷ್ಟು ಹಿಂದೆ ಸರಿದದ್ದನ್ನು ಕಂಡೆ. ಅದು ಬೀಳುವುದಿದ್ದರೆ ಎಲ್ಲಿ ಬೀಳುತ್ತದೆ ಎಂಬುದು ಆಗ ಮಾತ್ರ ನನಗೆ ಹೊಳೆಯಿತು. ಹಾರನ್ ಒತ್ತಿದೆ. ಒತ್ತಿಯೇ ಹಿಡಿದೆ.

ಭಾವ ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದ. ತನ್ನ ಮೂರು ಸ್ವರದ ಹಾರನ್ನಿನಿಂದ ಉತ್ತರವನ್ನೂ ಕೊಟ್ಟ. ಶಶಿಯೂ ಎಡಗೈ ಎತ್ತಿದಳು. ನಾನು ಗೆಲುವಿನ ಖುಷಿಗೆ ಬಾರಿಸುತ್ತಿದ್ದೇನೆ ಎಂದುಕೊಂಡರು. ಅಪರೂಪಕ್ಕೊಮ್ಮೆ ನನಗೆ ಅವನ ಮೇಲೆ ಮೆಚ್ಚುಗೆ ಬಂದಿದೆ ಎಂದು.

"ಎಂತ ಅಳಿಯಂದ್ರೆ, ದಿಬ್ಬಣವಾ?" ಎಂದು ಮಾವ ನಕ್ಕರು.

ಬೆಳ್ಳಾರೆಗಿಂತ ಮೊದಲು ಒಂದು ಏರು ಉಂಟು. ಅಲ್ಲಿ ಪಿಕಪ್ಪು ಗೇರ್ ಇಳಿಸಿ ಒಮ್ಮೆ ಜಗ್ಗಿತು. ಸ್ಕೀ ಹಿಂದಕ್ಕೆ ಬಂತು. ಸಿಕ್ಕಿಕೊಳ್ಳಲಿಲ್ಲ, ತಡೆಯಲಿಲ್ಲ. ಆ ರಬ್ಬರ್ ಮೆಷಿನಿನ ಉರುಳೆಯ ಮೇಲೆ, ಒಳಗೆ ಹೋದಷ್ಟೇ ನಯವಾಗಿ, ಬೆಣ್ಣೆಯ ಹಾಗೆ ಹೊರಗೆ ಬಂತು. ಹಗ್ಗ ಪೈಪನ್ನು ಉಜ್ಜುತ್ತ ಸರಸರನೆ ಬಿಚ್ಚಿಕೊಂಡಿತು. ಹಳದಿ ಹೆಲ್ಮೆಟ್ ಎಡಕ್ಕೆ ವಾಲಿ ಚರಂಡಿಯಲ್ಲಿ ಮಾಯವಾಯಿತು. ಅವಳು ಇದ್ದ ಜಾಗದಲ್ಲೇ ಸ್ಕೀ ಟಾರಿಗೆ ಬಡಿದು, ಗಿರ್ರನೆ ತಿರುಗುತ್ತ ಇಳಿಜಾರಿನಲ್ಲಿ ನಮ್ಮ ಕಡೆಗೇ ಜಾರಿ, ರಸ್ತೆ ಬದಿ ಗೋಡೆಯಂತಿದ್ದ ಮುರಕಲ್ಲಿನ ಬರೆಗೆ ಗುದ್ದಿ, ಕಾರಿನಿಂದ ಒಂದು ಮೊಳ ದೂರದಲ್ಲಿ ನಿಂತಿತು. ನಾನು ಇನ್ನೂ ಹಾರನ್ ಒತ್ತುತ್ತಲೇ ಇದ್ದೆ. ಮಾವ ನನ್ನ ಕೈಯನ್ನು ಎತ್ತಿ ತೆಗೆದರು. ಇಳಿದಾಗ ಮೂಗಿಗೆ ಬಂದದ್ದು ಸುಟ್ಟ ನೈಲಾನಿನ ವಾಸನೆ.

ಶಶಿ ಚರಂಡಿಯಲ್ಲಿ ಎದ್ದು ಕುಳಿತಿದ್ದಳು. "ನನಗೆ ಎಂತ ಆಗ್ಲಿಲ್ಲ. ಸ್ಕೂಟರ್ ಎತ್ತಿ," ಎಂದಳು. ಮೊಣಕೈ ತರಚಿತ್ತು. ಒಂದು ಚಪ್ಪಲಿ ಇರಲಿಲ್ಲ. ಭಾವ ಓಡಿ ಬಂದು ಅವಳ ಮುಂದೆ ಮೊಣಕಾಲೂರಿದ. ಅವನ ಎರಡೂ ಕೈ ಗಡಗಡ ನಡುಗುತ್ತಿದ್ದವು. ಯಾವ ಕೈಯನ್ನು ನೋಡಿ ನಾನು ಇಷ್ಟು ವರ್ಷ ಕರುಬಿದೆನೋ ಆ ಕೈ.

ಮಾವ ಅವನ ಮೇಲೆ ಕೂಗಾಡಿದರು: "ಅಳಿಯಂದ್ರ ಹತ್ರ ಒಂದು ಮಾತು ಕೇಳಿದ್ರೆ ನಿನ್ನ ಗಂಟು ಎಂತ ಹೋಗ್ತಿತ್ತು? ಓದಿದವರು ಸುಮ್ನೆ ಆಗ್ತಾರಾ?"

ಈ ಮಾತಿಗಾಗಿ ನಾನು ಹದಿನಾಲ್ಕು ವರ್ಷ ಕಾದಿದ್ದೆ. ಬಂತು. ನಾನು ತಲೆ ತಗ್ಗಿಸಿ, ಶಶಿಯ ಇನ್ನೊಂದು ಚಪ್ಪಲಿಯನ್ನು ಹುಡುಕುತ್ತ ಹೋದೆ.

ಅಂದಿನಿಂದ ನನ್ನ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಆ ಉರುಳೆ ತಿರುಗುತ್ತದೆ. ಒಮ್ಮೊಮ್ಮೆ ಹಳದಿ ಹೆಲ್ಮೆಟ್ ಎಡಕ್ಕೆ ವಾಲುವುದಿಲ್ಲ. ಪಕ್ಕದಲ್ಲಿ ಶಶಿಯೂ ಬೆಚ್ಚಿ ಏಳುತ್ತಿದ್ದಳು. ಒಬ್ಬರಿಗೊಬ್ಬರು ನೀರು ಕೊಟ್ಟುಕೊಂಡು ಮತ್ತೆ ಮಲಗುತ್ತಿದ್ದೆವು.

ಒಂದು ತಿಂಗಳಾದ ಮೇಲೆ ನಮ್ಮ ಪಂಪು ನಿಂತಿತು. ಫೋನು ಮಾಡಿದೆ. "ಬೇರೆ ಯಾರಿಗಾದ್ರೂ ಹೇಳಿ ಭಾವ," ಎಂದ ಪುರಂದರ. "ನನ್ನ ಕೈ ಈಗ ಸರಿ ಇಲ್ಲ." ವೆಲ್ಡಿಂಗ್ ಮೆಷಿನಿಗೆ ಗೋಣಿ ಮುಚ್ಚಿಟ್ಟಿದ್ದಾನಂತೆ. ಪಿಕಪ್ಪಿನ ಕೀಲಿಯನ್ನು ಮಾವನಿಗೆ ಕೊಟ್ಟಿದ್ದಾನಂತೆ. ಅವನಲ್ಲಿ ಅಸೂಯೆಪಡಲು ಏನೂ ಉಳಿದಿಲ್ಲ ಎಂದು ತಿಳಿದಾಗ ನನಗೆ ಸಮಾಧಾನವಾಗಬೇಕಿತ್ತು. ಮನೆಯೊಳಗಿನ ಕಂಬವೊಂದನ್ನು ನಾನೇ ಕಿತ್ತು ಹಾಕಿದ ಹಾಗಾಯಿತು.

ಹಾರ್ಡ್‌ವೇರ್ ಅಂಗಡಿಯಿಂದ ಹಗ್ಗ ಹಿಡಿದು ಬಂದ ಸಂಜೆ ಶಶಿಗೆ ಎಲ್ಲ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಕೊನೆಯ ಬಟ್ಟೆ ಮಡಚಿ ಆದ ಮೇಲೆ, "ನನಗೆ ಹೇಳಿ ಎಂತ ಪ್ರಯೋಜನ? ಅಣ್ಣನಿಗೆ ಹೇಳಿ," ಎಂದಳು. ತಂದ ಹಗ್ಗವನ್ನು ಕಟ್ಟಲು ಹೋದರೆ, "ಅದು ಬೇಡ," ಎಂದಳು. ಅದು ಈಗಲೂ ಮೇಜಿನ ಮೇಲೆಯೇ ಉಂಟು.

ಮರುದಿನ ಐವರ್ನಾಡಿಗೆ ಹೋದೆ. ಅಂಗಳದಲ್ಲಿ ನಿಂತೇ ಹೇಳಿದೆ.

"ನಿಮಗೆ ಗೊತ್ತಿತ್ತು," ಎಂದ ಭಾವ.

"ಗೊತ್ತಿತ್ತು."

ಅವನು ಎದ್ದು ಶೆಡ್ಡಿನೊಳಗೆ ಹೋದ. ದೊಣ್ಣೆ ತರುತ್ತಾನೆ ಎಂದುಕೊಂಡೆ. ತಂದಿದ್ದರೆ ಅದರಲ್ಲಿ ನ್ಯಾಯವಿತ್ತು. ತಂದದ್ದು ಅದೇ ಬಿಳಿ ಹಗ್ಗ. "ತೋರಿಸಿ," ಎಂದ.

ಶೆಡ್ಡಿನ ಅಡ್ಡಪಟ್ಟಿಗೆ ಹಗ್ಗ ಕಟ್ಟಿ, ಕಾಂಕ್ರೀಟು ತುಂಬಿ ಗಟ್ಟಿಯಾದ ಹಳೆ ಬಕೆಟ್ ನೇತು ಹಾಕಿದೆವು. ಅದರ ಬುಡ ಬಂದು ನಿಂತಲ್ಲಿ ಕಂಬದ ಮೇಲೆ ಚಾಕ್‌ಪೀಸಿನಿಂದ ಗೀಟು ಹಾಕಿದೆ. ಅವನೇ ಚೆಂಬಿನಿಂದ ನೀರು ಹೊಯ್ದ. ಚಾ ಕುಡಿಯುವಷ್ಟು ಹೊತ್ತು ಕಾದೆವು, ಚಾ ಮಾತ್ರ ಇರಲಿಲ್ಲ. ಬಕೆಟ್ ಗೀಟಿನಿಂದ ಎರಡು ಬೆರಳು ಕೆಳಗಿಳಿದಿತ್ತು. ಅವನು ಗೀಟಿಗೂ ಬುಡಕ್ಕೂ ನಡುವೆ ತನ್ನ ಎರಡು ಬೆರಳಿಟ್ಟು ನೋಡಿದ.

"ನನ್ನ ವೆಲ್ಡಿಂಗ್ ಬಿಟ್ಟಿದ್ದಲ್ಲ ಹಾಗಾದ್ರೆ."

"ಬೆಸುಗೆಯ ಒಂದು ಟಾಕೂ ಬಿಟ್ಟಿಲ್ಲ ಭಾವ. ನಾನು ಎಲ್ಲ ನೋಡಿದ್ದೇನೆ."

"ಶಶಿಗೆ ಏನಾದ್ರೂ ಆಗಿದ್ರೆ ನಿಮ್ಮನ್ನು ಬಿಡ್ತಿರ್ಲಿಲ್ಲ," ಎಂದ, ನನ್ನ ಕಡೆ ತಿರುಗದೆ. ಆಮೇಲೆ ಮೆಷಿನಿನ ಗೋಣಿ ಎಳೆದು ಹಾಕಿದ.

ಒಂದು ವಾರ ಕಾಲೇಜು ಮುಗಿಸಿ ದಿನವೂ ಹೋದೆ. ಬಿದ್ದ ಸ್ಕೀಯ ಒಡಕಿಗೆ ತೇಪೆ ಬಂತು. ಹಿಂದಿನ ಅಂಚಿಗೆ ಬೀಗ ಹಾಕುವ ಒಂದು ಅಡ್ಡಪೈಪು ಬಂತು. ಉರುಳೆಗೆ ತಡೆ ಬಂತು. ಹಗ್ಗದ ಬದಲು, ಹಲ್ಲಿನ ಹಿಡಿಕೆ ಹಾಕಿ ಬಿಗಿಯುವ ಲಾರಿ ಬೆಲ್ಟುಗಳು. ಲೆಕ್ಕ ನನ್ನದು, ಕೈ ಅವನದು. ಅವನ ಬೆಸುಗೆ ಎಷ್ಟು ಚಂದ ಇತ್ತೆಂದರೆ ಮತ್ತೆ ಒಂದಿಷ್ಟು ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ.

ನಿನ್ನೆ ಭಾನುವಾರ. ಎರಡೂ ಸ್ಕೀ ಹೇರಿ, ಬೆಲ್ಟುಗಳನ್ನು ನನ್ನ ಕೈಯಿಂದಲೇ ಬಿಗಿಸಿದ. ಆಮೇಲೆ ಶಶಿಯ ಹಳದಿ ಹೆಲ್ಮೆಟನ್ನು ನನ್ನ ಕಡೆಗೆ ಚಾಚಿದ.

"ನೀವು ಸ್ಕೂಟರಿನಲ್ಲಿ ಹಿಂದೆ ಬನ್ನಿ ಭಾವ. ಹತ್ರ. ಅವಳು ಇದ್ದಷ್ಟೇ ಹತ್ರ."

ಶಶಿ ಮೆಟ್ಟಿಲಲ್ಲಿ ನಿಂತು ನೋಡುತ್ತಿದ್ದಳು. ಬೇಡ ಎನ್ನಲಿಲ್ಲ.

ಬೆಳ್ಳಾರೆ ದಾಟಿ ಕೆಳಗಿಳಿದು, ಗಾಡಿ ತಿರುಗಿಸಿ ಬಂದೆವು. ಅದೇ ಏರು. ಪಿಕಪ್ಪು ಗೇರ್ ಇಳಿಸಿ ಜಗ್ಗಿತು. ನನ್ನ ತಲೆಯ ಮೇಲೆ, ಎರಡಾಳು ದೂರದಲ್ಲಿ, ಮೂರು ಕ್ವಿಂಟಾಲಿನ ಬಾಲ. ಬೆವರಿನಲ್ಲಿ ಕಣ್ಣು ಉರಿಯುತ್ತಿತ್ತು. ಕಣ್ಣು ಮುಚ್ಚಲಿಲ್ಲ. ಅದು ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ. ಏರಿನ ತಲೆಯಲ್ಲಿ ಭಾವ ಮೂರು ಸ್ವರದ ಹಾರನ್ ಬಾರಿಸಿದ. ನನ್ನ ಎಡಗೈ ತಾನಾಗಿ ಮೇಲೆ ಹೋಯಿತು.

ಇವತ್ತು ಬೆಳಿಗ್ಗೆ ಎಚ್ಚರವಾದಾಗ ಬಿಸಿಲು ಹೊದಿಕೆಯ ಮೇಲೆ ಬಿದ್ದಿತ್ತು. ಗಂಟೆ ನೋಡಲಿಲ್ಲ. ಶಶಿ ಪಕ್ಕದಲ್ಲಿ ಬಾಯಿ ತೆರೆದು ಇನ್ನೂ ಮಲಗಿದ್ದಳು. ರಾತ್ರಿ ತುಂಬಿಟ್ಟ ನೀರಿನ ಚೆಂಬು ಇಬ್ಬರ ತಲೆಯ ಬಳಿ ಹಾಗೆಯೇ ತುಂಬಿತ್ತು.