ಹಿಂದಿನ ದಿನದ ಕರೆ

ಮಾನ್ಯರೇ,

ಮೊದಲಿಗೆ ಕ್ಷಮೆ ಕೋರುತ್ತೇನೆ. ನನ್ನ ಅಕ್ಷರ ದುಂಡಾಗಿಲ್ಲ. ಒತ್ತಕ್ಷರಗಳಲ್ಲಿ ತಪ್ಪುವುದು ಹೈಸ್ಕೂಲಿನಿಂದಲೂ ಇರುವ ದೋಷ. ನಾನು ಈವರೆಗೆ ಬರೆದಿರುವುದು ನಮ್ಮ ಬೀದಿಯ ಮಹಿಳಾ ಸಂಘದ ನಡಾವಳಿಗಳನ್ನು ಹಾಗೂ ನಲ್ಲಿಯಲ್ಲಿ ನೀರು ಬಾರದ ಬಗ್ಗೆ, ಬೀದಿದೀಪ ಕೆಟ್ಟಿರುವ ಬಗ್ಗೆ ಪಟ್ಟಣ ಪಂಚಾಯಿತಿಗೆ ಸಲ್ಲಿಸಿದ ಮನವಿಗಳನ್ನು ಮಾತ್ರ. ಒಬ್ಬರ ಬಗ್ಗೆ ಬರೆಯುವುದು ಇದೇ ಮೊದಲು. ಭಾಷೆಯು ಮನವಿಪತ್ರದಂತೆ ಕಂಡುಬಂದಲ್ಲಿ ತಾವು ಮನ್ನಿಸಬೇಕು.

ನಾವು ಸಿಸ್ಟರಮ್ಮ ಎನ್ನುತ್ತಿದ್ದ ಅವರ ಎದೆಯ ಮೇಲೆ, ನರ್ಸುಗಳು ಹಾಕುವಂತೆ ಸೆರಗಿಗೆ ಪಿನ್ನು ಹಾಕಿ ಸಿಕ್ಕಿಸಿದ ಒಂದು ಸಣ್ಣ ಗಡಿಯಾರ ತಲೆಕೆಳಗಾಗಿ ತೂಗುತ್ತಿತ್ತು. ಕೈಗೆ ಗಡಿಯಾರ ಕಟ್ಟುತ್ತಿರಲಿಲ್ಲ, ಬಳೆ ತೊಡುತ್ತಿರಲಿಲ್ಲ. ಉಗುರುಗಳನ್ನು ಚರ್ಮಕ್ಕೆ ತಾಗುವಷ್ಟು ಕತ್ತರಿಸಿರುತ್ತಿದ್ದರು. ಹೊಸನಗರದಲ್ಲಿ ನಮ್ಮ ಎದುರುಮನೆಗೆ ಬಂದ ಮೊದಲ ದಿನವೇ ನಾನು ಬಾಯಿ ತಡೆಯಲಾಗದೆ ಹೇಳಿದ್ದೆ: "ಸಿಸ್ಟರಮ್ಮಾ, ನಿಮ್ಮ ಗಡಿಯಾರ ಉಲ್ಟಾ ಇದೆ."

"ನಿಮಗೆ ಉಲ್ಟಾ," ಎಂದರು. "ಬಗ್ಗಿ ನೋಡಿದ್ರೆ ನನಗೆ ಸರಿಯಾಗೇ ಕಾಣ್ತದೆ."

ಅವರು ನಮ್ಮ ಬೀದಿಯವರು. ಹುಟ್ಟಿದ್ದು ಆನಂದಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ನರ್ಸಿಂಗ್ ಕಲಿತು, ಇಂಗ್ಲೆಂಡಿಗೆ ಹೋಗಿ, ತಮ್ಮ ಸೇವಾವಧಿಯನ್ನೆಲ್ಲ ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಪೂರೈಸಿ, ನಿವೃತ್ತಿಯ ನಂತರ ಹಿಂದಿರುಗಿದ್ದರು. ಮದುವೆಯಾಗಿರಲಿಲ್ಲ. ಹುಟ್ಟಿದ ಮನೆಯಲ್ಲಿ ಅವರ ತಮ್ಮ, ತಮ್ಮನ ಹೆಂಡತಿ, ಮಗ, ಸೊಸೆ ಮತ್ತು ಮದುವೆಗೆ ಬಂದ ಮಗಳು ಇದ್ದರು. ಹಾಗಿದ್ದರೂ ಹೊಸನಗರದಲ್ಲಿ ಬಾಡಿಗೆ ಮನೆ ಹುಡುಕಿಕೊಟ್ಟವರು ಆ ತಮ್ಮನೇ. "ನಿಂಗೆ ಹಳ್ಳಿ ಮನೆ ಒಗ್ಗದಿಲ್ಲ ಅಕ್ಕ. ಬಚ್ಚಲು ಹೊರಗಿದೆ. ಇಲ್ಲಾದ್ರೆ ಆಸ್ಪತ್ರೆ ಹತ್ರ, ಎಲ್ಲಾ ಅನುಕೂಲ," ಎಂದು ಅವರು ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಅದೇ ಹೊರಗಿನ ಬಚ್ಚಲಿನಲ್ಲಿ ಸ್ನಾನ ಮಾಡಿ ಬೆಳೆದವರು ಸಿಸ್ಟರಮ್ಮ. ಆದರೂ ಬಾಡಿಗೆ ಮನೆಯಲ್ಲೇ ಸಾಮಾನು ಇಳಿಸಿಕೊಂಡರು.

ಈಗ ಒಂದು ಮುಖ್ಯ ವಿಷಯವನ್ನು ತಮ್ಮ ಗಮನಕ್ಕೆ ತರಬೇಕಾಗಿದೆ. ಅವರು ಇಂಗ್ಲೆಂಡಿನ ಪ್ರಜೆಯಾಗಿರಲಿಲ್ಲ. ಆಗಬಹುದಿತ್ತು. ಆದರೆ ಹಾಗೆ ಆಗಬೇಕಾದರೆ ನಮ್ಮ ದೇಶದ ಪಾಸ್‌ಪೋರ್ಟ್ ಒಪ್ಪಿಸಬೇಕು. ಅದಕ್ಕೆ ಅವರ ಮನಸ್ಸು ಒಪ್ಪಲಿಲ್ಲ. ಅಲ್ಲಿ ಶಾಶ್ವತವಾಗಿ ಇರುವ ಹಕ್ಕು ಮಾತ್ರ ಅವರಿಗಿತ್ತು. ಎರಡು ವರ್ಷ ಮೀರಿ ಹೊರಗೆ ಉಳಿದರೆ ಆ ಹಕ್ಕು ತಾನಾಗಿ ಹೋಗುತ್ತದೆ. ಅಂದರೆ ಎರಡು ವರ್ಷದೊಳಗೆ ಅವರು ಇಲ್ಲಿಯೋ ಅಲ್ಲಿಯೋ ಎಂದು ತೀರ್ಮಾನಿಸಬೇಕಿತ್ತು. ಅಲ್ಲಿ ಅವರೊಂದಿಗೆ ಕೆಲಸ ಮಾಡಿದ ಕೇರಳದ ಗೆಳತಿಯೊಬ್ಬರು ಅಲ್ಲೇ ಉಳಿದಿದ್ದರು. ಪ್ರತಿ ಭಾನುವಾರ ವಿಡಿಯೋ ಕರೆ ಮಾಡಿ, ತಮ್ಮ ಮನೆಯ ಖಾಲಿ ಕೋಣೆಯನ್ನು ತೋರಿಸಿ, "ಬಾ, ಮಂಚ ಕೂಡ ಹಾಕಿಟ್ಟಿದ್ದೇನೆ" ಎಂದು ಇಂಗ್ಲಿಷಿನಲ್ಲಿ ಗದರುತ್ತಿದ್ದರು. ಸಿಸ್ಟರಮ್ಮ ನಕ್ಕು ನನಗೆ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದರು.

"ಹೋಗ್ತೀರಾ?" ಎಂದು ನಾನು ಕೇಳುತ್ತಿದ್ದೆ.

"ನೋಡಣ. ಇಲ್ಲಿಯವರು ಏನಂತಾರೆ ನೋಡಣ."

ಇಲ್ಲಿಯವರು ಅನ್ನುತ್ತಿದ್ದುದು ಒಂದೇ ಮಾತು: ಯಾವಾಗ ವಾಪಸ್? ತರಕಾರಿ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ದೇವಸ್ಥಾನದ ಮೆಟ್ಟಿಲಿನಲ್ಲಿ ಅದೇ ಪ್ರಶ್ನೆ. ಅವರ ಹೆಸರು ಯಾರಿಗೂ ಬೇಕಿರಲಿಲ್ಲ. ಬೆನ್ನ ಹಿಂದೆ ಎಲ್ಲರಿಗೂ ಅವರು "ಫಾರಿನ್ನಿನವರು". ಪಾಸ್‌ಪೋರ್ಟ್ ಬದಲಿಸದೆ ಇಷ್ಟು ವರ್ಷ ಇದ್ದವರಿಗೆ ನಾವು ಕೊಟ್ಟ ಬಿರುದು ಇದು.

ಅವರಿಂದ ನನಗಾದ ಉಪಕಾರವನ್ನು ಇಲ್ಲಿ ದಾಖಲಿಸದಿದ್ದರೆ ಈ ಬರಹ ಅಪೂರ್ಣವಾಗುತ್ತದೆ. ನನ್ನ ಅತ್ತೆಯವರು ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಬೆನ್ನಿನಲ್ಲಿ ಹುಣ್ಣಾಗಿತ್ತು. ನಾನು ಬಾಗಿಲು ಹಾಕಿಕೊಂಡು ಅಳುತ್ತಿದ್ದ ಕಾಲ ಅದು. ಸಿಸ್ಟರಮ್ಮ ಕರೆಯದೆಯೇ ಒಂದು ಬೆಳಿಗ್ಗೆ ಬಂದರು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಹಾಸಿಗೆಯ ಬಳಿ ಕುಳಿತರು. ಮುಟ್ಟುವ ಮೊದಲು ಅತ್ತೆಯವರ ಕಿವಿಯ ಬಳಿ ಬಾಗಿ, "ಅಮ್ಮಾ, ಈಗ ಕೈ ಹಿಡೀತೀನಿ" ಎಂದರು. ಆಮೇಲೆ, "ಈಗ ಎಡಕ್ಕೆ ತಿರುಗಿಸ್ತೀನಿ." ಆಮೇಲೆ, "ನೀರು ಸ್ವಲ್ಪ ಬೆಚ್ಚಗಿದೆ, ಬೆನ್ನಿಗೆ ಹಾಕ್ತೀನಿ."

ನಾನೆಂದೆ: "ಅವ್ರಿಗೆ ಕೇಳೋದೇ ಇಲ್ಲ ಸಿಸ್ಟರಮ್ಮ. ಯಾರಿಗೆ ಹೇಳ್ತೀರಿ?"

"ಕೇಳ್ತದೋ ಇಲ್ವೋ, ಅದು ಅವ್ರ ಮೈ. ಹೇಳ್ದೆ ಮುಟ್ಟಿದ್ರೆ ಸಾಮಾನು ಎತ್ತಿಟ್ಟಂಗೆ ಆಗ್ತದೆ."

ದಿನವೂ ಬಂದರು. ನನಗೆ ಕಲಿಸಿದರು. ಹುಣ್ಣು ಮಾಯಿತು. ಅತ್ತೆಯವರು ಹೋಗುವಾಗ ಅವರ ಬೆನ್ನು ಸ್ವಚ್ಛವಾಗಿತ್ತು. ನಾನು ಕೃತಜ್ಞತೆ ಹೇಳಲು ಹೋದಾಗ, "ಒಂದು ಲೋಟ ಕಾಫಿ ಕೊಡಿ. ಸ್ಟೀಲ್ ಲೋಟದಲ್ಲೇ ಕೊಡಿ ಮಾರಾಯ್ರೇ, ಆ ಪಿಂಗಾಣಿ ಕಪ್ಪು ಒಳಗಿಡಿ" ಎಂದರು. ಎಲ್ಲಿ ಹೋದರೂ ಅವರಿಗೆ ಪಿಂಗಾಣಿ ಕಪ್ಪು ತೆಗೆಯುತ್ತಿದ್ದರು. ಅದನ್ನು ಕಂಡರೆ ಅವರ ಮುಖ ಸಣ್ಣದಾಗುತ್ತಿತ್ತು.

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಒಂದು ರೂಢಿಯನ್ನು ಹೊರಗಿನ ಓದುಗರಿಗಾಗಿ ವಿವರಿಸುತ್ತೇನೆ. ಇಲ್ಲಿ ಮದುವೆಗೆ ಕರೆಯುವುದರಲ್ಲಿ ಎರಡು ಬಗೆ. "ಊಟಕ್ಕೆ ಬನ್ನಿ" ಎಂದರೆ ನೆಂಟರು. "ಹಿಂದಿನ ದಿನವೇ ಬಂದ್ಬಿಡಿ" ಎಂದರೆ ಮನೆಯವರು. ಹಿಂದಿನ ದಿನ ಹೋದವರು ತಮ್ಮ ತಮ್ಮ ಈಳಿಗೆಮಣೆಯನ್ನು ಮನೆಯಿಂದಲೇ ಒಯ್ದು, ಚಪ್ಪರದಡಿ ಸಾಲಾಗಿ ಕುಳಿತು ತರಕಾರಿ ಹೆಚ್ಚುತ್ತಾರೆ. ಈಗ ಊಟಕ್ಕೆ ಕೇಟರಿಂಗ್‌ನವರು, ಮದುವೆಗೆ ಸಾಗರದ ಕಲ್ಯಾಣ ಮಂಟಪ. ಆದರೂ ಆ ಹಿಂದಿನ ದಿನದ, ಅಂದರೆ ಚಪ್ಪರದ ದಿನದ, ಅಡುಗೆಗೆ ಮನೆಯ ಹೆಂಗಸರೇ ಹೆಚ್ಚಬೇಕು. ಯಾರ ಮನೆಯಲ್ಲಿ ಯಾರು ಹೆಚ್ಚಲು ಕೂತರು ಎನ್ನುವುದರ ಮೇಲೆ ಸಂಬಂಧ ನಿಲ್ಲುತ್ತದೆ. ಸಿಸ್ಟರಮ್ಮನ ಬಳಿ ಅವರ ತಾಯಿಯ ಈಳಿಗೆಮಣೆ ಇತ್ತು. ಇಂಗ್ಲೆಂಡಿಗೂ ಅದನ್ನು ಒಯ್ದಿದ್ದರು, ಅಲ್ಲಿಂದ ವಾಪಸ್ಸೂ ತಂದಿದ್ದರು.

ಅವರ ಎರಡು ವರ್ಷ ಮುಗಿಯಲು ಸ್ವಲ್ಪ ಕಾಲವಿರುವಾಗ ತಮ್ಮನ ಮಗಳಿಗೆ ಮೇಗರವಳ್ಳಿ ಕಡೆಯ ಹುಡುಗನೊಂದಿಗೆ ಮದುವೆ ನಿಶ್ಚಯವಾಯಿತು. ಮುಹೂರ್ತ ಸಿಕ್ಕಿದ್ದು ಅವಧಿ ಮುಗಿದ ಮುಂದಿನ ತಿಂಗಳಿನಲ್ಲಿ. ಆ ಹೊತ್ತಿಗೆ ಸಿಸ್ಟರಮ್ಮ ಟಿಕೆಟ್ ಮಾಡಿಸಿ ಆಗಿತ್ತು. ಆ ತಮ್ಮ ಫೋನ್ ಮಾಡಿ, "ಮದುವೆ ಮುಗಿಸ್ಕಂಡು ಹೋಗಕ್ಕ, ಅಪ್ಪ ಅಮ್ಮ ಇಲ್ಲ, ದೊಡ್ಡವಳು ಅಂತ ನೀನೊಬ್ಳೇ" ಎಂದರು. ಆ ಒಂದು ಮಾತಿಗೆ ಇವರು ಟಿಕೆಟ್ ರದ್ದುಮಾಡಿದರು. ಹಾಗೆ ಮಾಡಿದರೆ ಮತ್ತೆ ಹೋಗಲಾಗದು ಎಂಬುದನ್ನು ತಮ್ಮನಿಗೆ ತಿಳಿಸಲಿಲ್ಲ.

"ಹೇಳಿ ಸಿಸ್ಟರಮ್ಮ. ಅವ್ರಿಗೆ ಗೊತ್ತಿರ್ಲಿ," ಎಂದು ನಾನು ಒತ್ತಾಯಿಸಿದೆ.

"ಹೇಳಿದ್ರೆ ಅವನ ತಲೆ ಮೇಲೆ ಭಾರ ಹೊರಿಸ್ದಂಗೆ ಆಗ್ತದೆ. ಕರ್ದಿದಾನಲ್ಲ, ಸಾಕು."

ಆ ಭಾನುವಾರ ಕೇರಳದ ಗೆಳತಿಗೆ ಇದನ್ನು ತಿಳಿಸಿದರಂತೆ. ಗೆಳತಿ ಹೇಳಿದ್ದನ್ನು ಸಿಸ್ಟರಮ್ಮ ನನಗೆ ಹೇಳಿದರು: "ಇಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ. ಆದರೆ ಕರೆಯುತ್ತಾರೆಂದು ನಾನು ಕಾಯುವುದೂ ಇಲ್ಲ."

ಮದುವೆ ಕರೆಯಲು ಆ ತಮ್ಮ, ಹೆಂಡತಿಯೊಡನೆ, ಬಂದರು. ಕಾಗದ, ಕುಂಕುಮ, ತೆಂಗಿನಕಾಯಿ ಎಲ್ಲವೂ ಕ್ರಮಪ್ರಕಾರ. "ಮದುವೆ ದಿನ ಕಾರು ಕಳಿಸ್ತೀನಿ ಅಕ್ಕ, ನೇರ ಮಂಟಪಕ್ಕೇ ಬಂದ್ಬಿಡು," ಎಂದರು.

"ಚಪ್ಪರದ ದಿನ?"

"ಅವತ್ತು ಬರೀ ಗಲಾಟೆ, ಹೊಗೆ. ನಿಂಗ್ಯಾಕೆ ತೊಂದ್ರೆ?"

ಗೌರವದಿಂದಲೇ ಹೇಳಿದರು. ಅವರ ಕಾರು ತಿರುವು ದಾಟುವವರೆಗೂ ಸಿಸ್ಟರಮ್ಮ ಕುಂಕುಮ ಮೆತ್ತಿದ ಬೆರಳನ್ನು ಹಾಗೆಯೇ ಹಿಡಿದು ನಿಂತಿದ್ದರು.

ಚಪ್ಪರದ ದಿನ ಮಧ್ಯಾಹ್ನ ಅವರು ಹಳೆಯ ನೂಲಿನ ಸೀರೆಯುಟ್ಟು ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಬಟ್ಟೆ ಸುತ್ತಿದ ಈಳಿಗೆಮಣೆ. "ಹುಟ್ಟಿದ ಮನೆಗೆ ಹೋಗಕ್ಕೆ ಕರೆ ಯಾಕೆ ಬೇಕು ಹೇಳಿ," ಎಂದರು. "ಬೇಡವೇ ಬೇಡ," ಎಂದೆ. ಜೊತೆಗೆ ಹೊರಟೆ. ಬಸ್ಸಿನಲ್ಲಿ ಅವರು ಆ ಗಂಟನ್ನು ಮಡಿಲಿಗಿಟ್ಟುಕೊಂಡು, ಕುಂಬಳಕಾಯಿಯನ್ನು ಹುಳಿಗೆ ಹೆಚ್ಚುವುದು ಹೇಗೆ, ಪಲ್ಯಕ್ಕೆ ಹೆಚ್ಚುವುದು ಹೇಗೆ ಎಂದು ತಾಯಿ ಕಲಿಸಿದ್ದನ್ನೆಲ್ಲ ಹೇಳಿದರು. ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಚಪ್ಪರದಡಿ ಹೆಂಗಸರು ಗುಂಪಾಗಿ ಕುಳಿತು ಬೀನ್ಸು ಹೆಚ್ಚುತ್ತ, ಯಾರದೋ ಗಂಡನ ವಿಷಯ ತೆಗೆದು ಬಿದ್ದು ಬಿದ್ದು ನಗುತ್ತಿದ್ದರು. ನಾವು ಕಾಲಿಟ್ಟೊಡನೆ ನಗು ನಿಂತಿತು. ಮನೆಯ ಸೊಸೆ ಎದ್ದು ಬಂದಳು.

"ಅಯ್ಯೋ, ಫಾರಿನ್ ಅತ್ತೆ! ಏಯ್, ಒಂದು ಕುರ್ಚಿ ತಗಂಬಾರೆ. ಆ ಫ್ಯಾನು ಈ ಕಡೆ ತಿರುಗ್ಸಿ."

"ಕುರ್ಚಿ ಬೇಡ ಕಣೆ. ಹೆಚ್ಚಕ್ಕೆ ಬಂದಿದೀನಿ. ಈಳಿಗೆ ತಂದಿದೀನಿ."

"ನೀವಾ? ಕೈ ಕುಯ್ಕಂಡ್ರೆ ನಾವು ಇಂಗ್ಲೆಂಡಿಗೆ ಉತ್ತರ ಹೇಳ್ಬೇಕಾಗ್ತದೆ ಅತ್ತೆ!"

ಎಲ್ಲರೂ ನಕ್ಕರು. ಸಿಸ್ಟರಮ್ಮನೂ ನಕ್ಕು, ನೆಲಕ್ಕೆ ಕುಳಿತು ಗಂಟು ಬಿಚ್ಚಲು ತೊಡಗಿದರು. ವಯಸ್ಸಾದ ಹೆಂಗಸೊಬ್ಬರು ಕೇಳಿದರು: "ಅಲ್ಲಿ ಎಲ್ಲಾ ಮಿಷಿನ್ನಲ್ಲೇ ಹೆಚ್ಚದಂತೆ, ಹೌದಾ?"

"ನಾನು ಆಸ್ಪತ್ರೇಲಿದ್ದೆ ದೊಡ್ಡಮ್ಮ, ಹೋಟ್ಲಲ್ಲಲ್ಲ."

ಅಷ್ಟರಲ್ಲಿ ಸೊಸೆ, "ಚಂದ ಇದೆ, ಹಳೇ ಕಾಲದ್ದು. ಒಳಗಿಡ್ತೀನಿ, ಯಾರದರ ಜೊತೆಗಾದ್ರೂ ಬೆರ್ತು ಹೋಗ್ತದೆ" ಎಂದು ಈಳಿಗೆಮಣೆಯನ್ನು ಎತ್ತಿಕೊಂಡು ಹೋದಳು. ಇಬ್ಬರು ಹುಡುಗಿಯರು ಹಿಂದಿನಿಂದ ಬಂದು, ಅವರ ಎರಡೂ ತೋಳಿನಡಿ ಕೈಹಾಕಿ, ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ಹೇಳದೆ ಮುಟ್ಟಿದರು. ಸಾಮಾನು ಎತ್ತಿಟ್ಟ ಹಾಗೆ. ಅಂಗಡಿಯ ನೀರಿನ ಬಾಟಲಿ ಬಂತು, ಪಿಂಗಾಣಿ ಕಪ್ಪಿನಲ್ಲಿ ಚಹಾ ಬಂತು. ಹೆಚ್ಚುತ್ತಿದ್ದವರ ತಲೆಗಳಿಗಿಂತ ಎತ್ತರದಲ್ಲಿ, ಫ್ಯಾನಿನ ಗಾಳಿಗೆ ಮುಖವೊಡ್ಡಿ ಅವರು ಕುಳಿತಿದ್ದರು. ನನಗೆ ಮಾತ್ರ ಯಾರದೋ ಈಳಿಗೆ ಕೊಟ್ಟು ಸೌತೆಕಾಯಿ ಮುಂದೆ ಹಾಕಿದರು. ನಾನು ಆ ಮನೆಗೆ ಹೋಗಿದ್ದು ಅದೇ ಮೊದಲು.

ತಮ್ಮ ಬಂದರು. "ಸುಮ್ನೆ ಬಸ್ಸಲ್ಲಿ ಯಾಕೆ ಬಂದ್ಯಕ್ಕ? ಅಂದಂಗೆ, ವಾಪಸ್ ಯಾವಾಗ?"

"ಇನ್ನು ಹೋಗಕ್ಕಾಗದಿಲ್ಲ. ಅವಧಿ ಹೋದ ತಿಂಗ್ಳೇ ಮುಗೀತು. ಮದುವೆ ಮುಗಿಸ್ಕಂಡು ಹೋಗು ಅಂದ್ಯಲ್ಲ ನೀನು."

ಅವರ ಕೈಯಲ್ಲಿದ್ದ ಮಾವಿನ ತೋರಣ ಹಾಗೆಯೇ ನಿಂತಿತು. "ಅದೆಲ್ಲ ನಂಗೊತ್ತಿರ್ಲಿಲ್ಲ," ಎಂದರು. ತೋರಣವನ್ನು ಚಪ್ಪರದ ಕಂಬಕ್ಕೆ ಕಟ್ಟುತ್ತ, "ಹೋಗಿ ಬಂದು ಮಾಡ್ತಿದ್ರೆ ಚಂದ ಇತ್ತಕ್ಕ. ನೀನು ಬಂದಾಗೆಲ್ಲ ಮನೇಲಿ ಹಬ್ಬ ಇದ್ದಂಗೆ ಇರ್ತಿತ್ತು" ಎಂದರು.

ಅವರು ಕೆಟ್ಟವರಲ್ಲ. ನಿಜ ಹೇಳಿದರು, ಅಷ್ಟೇ. ವರ್ಷಾನುಗಟ್ಟಲೆ ಇವರೆಲ್ಲ ಪ್ರೀತಿಸಿದ್ದು ಬರುವವಳನ್ನು. ಬಂದು ಉಳಿದವಳಿಗೆ ಅಲ್ಲಿ ಜಾಗವಿರಲಿಲ್ಲ. ಇದ್ದ ಜಾಗ ಒಂದು ಕುರ್ಚಿ.

ಸಂಜೆ ಹೊರಡುವಾಗ ಈಳಿಗೆಮಣೆಯನ್ನು ಒಳಗಿನಿಂದ ತರಿಸಿಕೊಂಡು ವಾಪಸ್ ಬಂದೆವು. ಮಾರನೆಯ ದಿನ ಸಿಸ್ಟರಮ್ಮ ಮಂಟಪಕ್ಕೆ ಹೋದರು, ಮುಂದಿನ ಸಾಲಿನ ಸೋಫಾದಲ್ಲಿ ಕುಳಿತರು, ಉಂಡು ಬಂದರು. ಆಮೇಲೆ ಯಾವ ಮದುವೆಗೂ ಹೋಗಲಿಲ್ಲ. "ಫಾರಿನ್ನಿನವರಿಗೆ ಜಂಬ," ಎಂದು ಊರು ಮಾತಾಡಿತು. ನಮ್ಮ ಬೀದಿಯಲ್ಲಿ ಗೃಹಪ್ರವೇಶ, ನಾಮಕರಣಗಳು ನಡೆದಾಗ ನಾವೂ ಅವರನ್ನು ಕರೆದದ್ದು ಊಟಕ್ಕೇ. ಭಾನುವಾರದ ಕರೆ ಮಾತ್ರ ನಿಲ್ಲಲಿಲ್ಲ. ಆದರೆ ಗೆಳತಿ ಆ ಕೋಣೆಯನ್ನು ತೋರಿಸುವುದನ್ನು ಬಿಟ್ಟಿದ್ದರು.

ಕಳೆದ ಮಳೆಗಾಲದ ಕೊನೆಯಲ್ಲಿ ಸಿಸ್ಟರಮ್ಮ ತೀರಿಕೊಂಡರು. ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ಬಾಗಿಲಲ್ಲೇ ಬಿದ್ದಿದ್ದನ್ನು ಕಂಡು ಒಳಗೆ ಹೋದವಳು ನಾನೇ. ಅವರ ಮೈ ತೊಳೆಯುವಾಗ ಉಳಿದವರು ಏನೆಂದುಕೊಂಡರೋ ತಿಳಿಯದು; ನಾನು ಅವರ ಕಿವಿಯ ಬಳಿ ಬಾಗಿ, "ಸಿಸ್ಟರಮ್ಮಾ, ಈಗ ಕೈ ಹಿಡೀತೀನಿ" ಎಂದೆ. "ಎಡಕ್ಕೆ ತಿರುಗಿಸ್ತೀನಿ," ಎಂದೆ. ನೀರು ಬೆಚ್ಚಗಿರುವುದನ್ನೂ ಹೇಳಿದೆ.

ಉತ್ತರಕ್ರಿಯೆಯನ್ನು ಅವರ ತಮ್ಮನೇ ಅದೇ ಬಾಡಿಗೆ ಮನೆಯಲ್ಲಿ ಮಾಡಿದರು. ಹಿಂದಿನ ದಿನ ನಾವು, ಬೀದಿಯ ಹೆಂಗಸರು, ಯಾರೂ ಕರೆಯದಿದ್ದರೂ ಈಳಿಗೆಮಣೆ ಹಿಡಿದು ಹೋಗಿ ಅಂಗಳದಲ್ಲಿ ಕುಳಿತೆವು. ಕಾರಿನಿಂದ ಇಳಿದ ಸೊಸೆ, "ನೀವೆಲ್ಲ ಯಾಕೆ ತೊಂದ್ರೆ ತಗಂತೀರಿ?" ಎಂದಳು. ನಮ್ಮ ಬೀದಿಯ ಹೂ ಮಾರುವಾಕೆ ತಲೆಯೆತ್ತದೆ ಹೆಚ್ಚುತ್ತಲೇ ಗಟ್ಟಿಯಾಗಿ ಹೇಳಿದಳು: "ನೆಂಟ್ರು ಬಂದಾರೆ, ಕುರ್ಚಿ ಹಾಕ್ರೇ. ಪಾಪ, ದೂರದಿಂದ ಬಂದಾರೆ."

ಯಾರೂ ನಗಲಿಲ್ಲ. ಹೇಳಬೇಕಾದ ಮಾತೇ ಅದು. ಆದರೆ ಕೇಳಬೇಕಾದವರು ಇರಲಿಲ್ಲ. ಅವರಿದ್ದಾಗ ನಾವಾದರೂ ಒಂದು ಬದನೆಕಾಯಿಯನ್ನು ಅವರ ಕೈಗೆ ಕೊಟ್ಟಿದ್ದೆವೇ? ಹೋಗುವಾಗ ನೆಂಟರು ಆ ಗಡಿಯಾರವನ್ನು ಫಾರಿನ್ನಿನದೆಂದು ಒಯ್ದರು. ಈಳಿಗೆಮಣೆಯನ್ನು ಹಳತೆಂದು ಬಿಟ್ಟರು. ಅದು ಈಗ ನನ್ನ ಬಳಿ ಇದೆ.

ಹೊರದೇಶಗಳಲ್ಲಿ ನಿವೃತ್ತರಾಗಿರುವ ನಮ್ಮ ಕಡೆಯವರು ಅಲ್ಲಿಯೇ ಉಳಿಯಬೇಕೋ ಊರಿಗೆ ಬರಬೇಕೋ ಎಂದು ಈಗ ಫೋನಿನ ಗುಂಪುಗಳಲ್ಲಿ ಕೇಳುತ್ತಿರುತ್ತಾರೆ. "ಬನ್ನಿ, ಬನ್ನಿ, ಊರೇ ಸ್ವರ್ಗ" ಎಂದು ಇಲ್ಲಿಂದ ಉತ್ತರ ಹೋಗುತ್ತದೆ. ನನ್ನನ್ನು ಯಾರೂ ಕೇಳಿಲ್ಲ. ಆದಾಗ್ಯೂ ತಮ್ಮ ಮೂಲಕ ಅವರಿಗೆ ತಿಳಿಯಪಡಿಸುವುದೇನೆಂದರೆ, ಬರುವುದಾದರೆ ಹವೆ, ನೀರು, ಆಸ್ಪತ್ರೆ ವಿಚಾರಿಸುವ ಮೊದಲು, ನಿಮ್ಮನ್ನು ಹಿಂದಿನ ದಿನವೇ ಕರೆಯುವ ಒಂದು ಮನೆ ಇನ್ನೂ ಇದೆಯೇ ಎಂದು ವಿಚಾರಿಸಿ. ಇಲ್ಲವೆಂದಾದರೆ ಅಲ್ಲಿಯ ಖಾಲಿ ಕೋಣೆಯೇ ಮೇಲು. ಅಲ್ಲಿ ಕಾಯುವ ಕೆಲಸವಾದರೂ ಇರುವುದಿಲ್ಲ.

ಈ ಬರಹದಲ್ಲಿ ಕಂಡುಬರುವ ತಪ್ಪುಗಳನ್ನು ತಾವು ದಯಮಾಡಿ ತಿದ್ದಬೇಕಾಗಿ ವಿನಂತಿ. ಮೇಲೆ ಒಂದು ಕಡೆ "ಅವರು ನಮ್ಮ ಬೀದಿಯವರು" ಎಂದು ಬರೆದಿದ್ದೇನೆ. ಅವರು ಬದುಕಿದ್ದಾಗ ನಾವು ಯಾರೂ ಹಾಗೆ ಹೇಳಿರಲಿಲ್ಲವಾದ್ದರಿಂದ ತಮಗೆ ಅದೂ ತಪ್ಪೆಂದು ತೋರಬಹುದು. ಅದೊಂದನ್ನು ಮಾತ್ರ ತಿದ್ದದೆ ಹಾಗೆಯೇ ಬಿಡಬೇಕೆಂದು ಕೋರುತ್ತೇನೆ.