ನಾನು ಕ್ಷಮಿಸಿದ ಹುಡುಗ

ಗಲ್ಫಿನ ಅಲ್ ವಕ್ರಾ ಪಟ್ಟಣದ ನಮ್ಮ ಕಟ್ಟಡದಲ್ಲಿ, ನಮ್ಮ ಕೆಳಗಿನ ಮಹಡಿಯಲ್ಲಿದ್ದವರು ಉಳ್ಳಾಲದ ಕಡೆಯ ಒಂದು ಬ್ಯಾರಿ ಕುಟುಂಬ. ಅವರ ಮಗನಿಗೂ ನನ್ನ ಮಗನಿಗೂ ಒಂದೇ ಶಾಲೆ, ಒಂದೇ ಬಸ್ಸು. ಆ ಹುಡುಗ ನಮ್ಮ ಮನೆಗೆ ಬಂದರೆ ನೇರ ಅಡುಗೆಮನೆಗೇ ಬರುತ್ತಿದ್ದ. ನೀರುದೋಸೆ ಹೊಯ್ಯುತ್ತಿದ್ದರೆ ಒಲೆಯ ಪಕ್ಕ ನಿಂತೇ ತಿನ್ನುತ್ತಿದ್ದ.

ಅವನಿಗೆ ಹದಿನೈದಾದ ವರ್ಷ ಶಾಲೆಯ ಹುಡುಗರಲ್ಲಿ ಎರಡು ಗುಂಪಾಯಿತು. ಯಾರೋ ಯಾರದೋ ತಾಯಿಯ ಬಗ್ಗೆ ಫೋನಿನಲ್ಲಿ ಏನೋ ಬರೆದಿದ್ದರಂತೆ. ದೊಡ್ಡವರಾದ ನಾವು ಅದನ್ನು ಮಕ್ಕಳ ಜಗಳ ಅಂದುಕೊಂಡೆವು. ಒಂದು ಶುಕ್ರವಾರ ಸಂಜೆ ಕಟ್ಟಡದ ಹಿಂದಿನ ಪಾರ್ಕಿಂಗ್‌ನಲ್ಲಿ ಹೊಡೆದಾಟವಾಯಿತು. ಕೆಳಮನೆಯ ಹುಡುಗ ಬ್ಯಾಟು ಬೀಸಿದ್ದು ಬೇರೆ ಯಾರಿಗೋ. ಬಿಡಿಸಲು ನಡುವೆ ಹೋದವನು ನನ್ನ ಮಗ. ಎಡಗಣ್ಣು ಉಳಿಯಲಿಲ್ಲ.

ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದವರು ಆ ಹುಡುಗನ ತಂದೆಯೇ. ಹಿಂದಿನ ಸೀಟಿನಲ್ಲಿ ಹುಡುಗ ನನ್ನ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪೊಲೀಸರು ಅವನನ್ನು ಆಸ್ಪತ್ರೆಯಿಂದಲೇ ಕರೆದುಕೊಂಡು ಹೋದರು. ದೊಡ್ಡವರ ಜೊತೆ ಇಡುವುದಿಲ್ಲ, ಈ ವಯಸ್ಸಿನವರಿಗೆ ಬೇರೆ ಜಾಗವಿದೆ ಎಂದು ಯಾರೋ ಸಮಾಧಾನ ಹೇಳಿದರು. ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವನ ತಾಯಿಯೂ ಇರಲಿಲ್ಲ, ನಾನೂ ಇರಲಿಲ್ಲ.

ಆ ತಾಯಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಗಾಯಗೊಂಡವನ ಮನೆಯವರು ಕ್ಷಮಿಸಿದ್ದೇವೆಂದು ಹೇಳಿದರೆ ಶಿಕ್ಷೆ ಹಗುರವಾಗಬಹುದು ಎಂದು ವಕೀಲರು ಹೇಳಿದ್ದು ನಮಗಿಬ್ಬರಿಗೂ ಗೊತ್ತಿತ್ತು. ಆದರೂ ಅಕ್ಕ ಮೇಲೆ ಬಂದವರು ಏನೂ ಕೇಳಲಿಲ್ಲ. ನನ್ನ ಮಗನ ಮಂಚದ ಬಳಿ ಸ್ವಲ್ಪ ಹೊತ್ತು ಕೂತು, ಎದ್ದು ಹೋದರು. ನನ್ನ ಗಂಡ ಸುತರಾಂ ಬೇಡ ಎಂದಿದ್ದರು. ನನಗೆ ಕ್ಷಮಿಸುವ ಮನಸ್ಸು ಇತ್ತೋ ಇಲ್ಲವೋ, ಈಗಲೂ ತಿಳಿಯದು. ಆ ಹುಡುಗ ಅಲ್ಲಿ ಏನು ತಿನ್ನುತ್ತಾನೋ ಎಂಬ ಯೋಚನೆ ಮಾತ್ರ ಬಿಡಲಿಲ್ಲ. ಕೊನೆಗೆ ಗಂಡನನ್ನೂ ಒಪ್ಪಿಸಿ, ಇಬ್ಬರೂ ಕೋರ್ಟಿಗೆ ಹೋಗಿ ಕ್ಷಮಿಸಿದ್ದೇವೆಂದು ಹೇಳಿ ಬಂದೆವು.

ಅಲ್ಲಿಯ ಕಾರಿಡಾರಿನಲ್ಲಿ ಅವನು ಸಿಕ್ಕಿದ. ಸೊರಗಿಹೋಗಿದ್ದ.

"ಆಂಟಿ, ಅವನಿಗೆ ಕಾಣ್ತದಾ?" ಎಂದು ಕೇಳಿದ.

"ಒಂದು ಕಣ್ಣು ಕಾಣ್ತದೆ, ಮಗಾ," ಎಂದೆ.

ಅವನು ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಜೊತೆಗಿದ್ದ ಸಿಬ್ಬಂದಿ ಹೆಗಲ ಮೇಲೆ ಕೈಯಿಟ್ಟು, ಗದರದೆ, ಒಳಗೆ ಕರೆದೊಯ್ದರು.

ಕೆಲವು ತಿಂಗಳಿಗೆ ಅವನನ್ನು ಬಿಟ್ಟರು. ಶಾಲೆಯವರು ಮತ್ತೆ ಸೇರಿಸಿಕೊಳ್ಳಲಿಲ್ಲ. ಅಕ್ಕ ಅವನನ್ನು ಕರೆದುಕೊಂಡು ಊರಿಗೆ ಹೊರಟರು. ಹೊರಡುವ ದಿನ ಅವನು ನಮ್ಮ ಬಾಗಿಲಲ್ಲಿ ಬಂದು ನಿಂತ. ನನ್ನ ಮಗ ಕೋಣೆಯಿಂದ ಹೊರಗೆ ಬರಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಈಗ ಶುಕ್ರವಾರ ಸಂಜೆ ನಾವು ಕೆಲವು ತಂದೆತಾಯಂದಿರು ಪಾರ್ಕಿಂಗ್‌ನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇವೆ. ಹುಡುಗರ ದನಿ ಏರಿದರೆ ಎದ್ದು ಹೋಗಿ ಏನೆಂದು ವಿಚಾರಿಸುತ್ತೇವೆ. ಕೆಳಮನೆಯಲ್ಲಿ ಈಗ ಒಬ್ಬರೇ ಇರುವ ಅಕ್ಕನ ಗಂಡ ಎಲ್ಲರಿಗಿಂತ ಮೊದಲೇ ಬಂದು ಕೂತಿರುತ್ತಾರೆ. ಇದನ್ನು ಅವತ್ತೇ ಮಾಡಿದ್ದರೆ ಎಂದು ಅವರೆದುರು ಯಾರೂ ಬಾಯಿಬಿಡುವುದಿಲ್ಲ.

ಮೊನ್ನೆ ಊಟಕ್ಕೆ ಕೂತಾಗ ಮಗ ಮೊದಲ ಬಾರಿ ಅವನ ಮಾತೆತ್ತಿದ.

"ಅಮ್ಮ, ಅವನು ಊರಲ್ಲಿ ಯಾವ ಸ್ಕೂಲಿಗೆ ಹೋಗುದು?"

ಎಲ್ಲಿಗೂ ಹೋಗುತ್ತಿಲ್ಲ, ಮಾವನ ಮೀನಿನ ಲಾರಿಯಲ್ಲಿ ಕೆಲಸಕ್ಕಿದ್ದಾನೆ ಎಂದೆ. ಮಗ ಅನ್ನದಲ್ಲಿ ಕೈಯಿಟ್ಟುಕೊಂಡೇ ಕೂತ. ಆಮೇಲೆ ಅವನೂ ಉಣ್ಣಲಿಲ್ಲ, ನಾನೂ ಉಣ್ಣಲಿಲ್ಲ.